ನಮ್ಮ ಮನೆಯ ವಾಯಿದೆ ಕೋರ್ಟು

ದುರ್ವಾಸನೆಯ ವಿಷಯದಲ್ಲಿ ಮನುಷ್ಯನ ಮೂಗು ಬಹಳ ಉದಾರಿ. ಎಂಥ ವಾಸನೆಯೇ ಇರಲಿ, ಅದರ ಜೊತೆ ಸ್ವಲ್ಪ ಹೊತ್ತು ಕೂತಿದ್ದರೆ ಸಾಕು, ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಈ ಔದಾರ್ಯದ ಫಲವಾಗಿ ಲೋಕದಲ್ಲಿ ಯಾರ ಮನೆಯ ಫ್ರಿಜ್ಜೂ ಅವರವರ ಮಟ್ಟಿಗೆ ನಾರುವುದಿಲ್ಲ. ನೆಂಟರ ಮನೆಯದು ಮಾತ್ರ ನಾರುತ್ತದೆ. ನಾನೂ ಬಹಳ ಕಾಲ ಹೀಗೆ ಸುಖವಾಗಿದ್ದವಳು. ಮನೆಗೆ ಬಂದವರಿಗೆ ಫ್ರಿಜ್ಜಿನಿಂದ ತಣ್ಣೀರು ತೆಗೆದುಕೊಟ್ಟರೆ ಲೋಟವನ್ನು ಮೂಗಿನ ಹತ್ತಿರ ಒಯ್ದು, ಮೆಲ್ಲಗೆ ಟೀಪಾಯಿಯ ಮೇಲಿಟ್ಟು, "ಬೇಡಿ, ಗಂಟಲು ಸರಿಯಿಲ್ಲ" ಎನ್ನುತ್ತಿದ್ದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೈಸೂರಿನ ಇಷ್ಟೊಂದು ಜನಕ್ಕೆ ಒಟ್ಟಿಗೇ ಗಂಟಲು ಕೆಟ್ಟಿದೆಯಲ್ಲ ಎಂದು ನೊಂದುಕೊಂಡು ಅವರಿಗೆ ಕಷಾಯ ಮಾಡಿಕೊಡುತ್ತಿದ್ದೆ. ಕಷಾಯದ ಪುಡಿಯೂ ಫ್ರಿಜ್ಜಿನಲ್ಲೇ ಇತ್ತು. ಅವರು ಎರಡನೆಯ ಸಲ ಬರುತ್ತಿರಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ನಿವೃತ್ತಿಯಾಗುವವರೆಗೂ ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ವಾಸನೆ ಎಂದರೆ ನನ್ನ ಕಸುಬು. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಜನ್ಮದಲ್ಲಿ ಮೊಟ್ಟೆ ಮುಟ್ಟದ ಮಕ್ಕಳು ಕೂಡ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಕೊಳೆತ ಮೊಟ್ಟೆ ಹೇಗೆ ನಾರುತ್ತದೆಂದು ತಿಳಿಯದ ನಾನು ಅದಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ. ಅಮೋನಿಯಾ ಯಾವುದು, ಕ್ಲೋರಿನ್ ಯಾವುದು ಎಂದು ಲ್ಯಾಬಿನ ಬಾಗಿಲಲ್ಲೇ ನಿಂತು ಹೇಳುತ್ತಿದ್ದ ಮೂಗಿಗೆ ಸ್ವಂತ ಅಡುಗೆಮನೆಯ ಮೂಲೆಯಲ್ಲಿ ನಡೆಯುತ್ತಿದ್ದ ಪ್ರಯೋಗ ಮಾತ್ರ ಗೊತ್ತಾಗಲಿಲ್ಲ.

ಮನೆಯ ಬೇರೆ ಮೂಗುಗಳೂ ನೆರವಿಗೆ ಬರುವಂತಿರಲಿಲ್ಲ. ನಮ್ಮ ಯಜಮಾನರ ಮೂಗು ಕೊರೊನಾದಲ್ಲಿ ಹೋದದ್ದು ಪೂರ್ತಿಯಾಗಿ ವಾಪಸು ಬಂದಿಲ್ಲ. ನಾನು ಯಾವುದಾದರೂ ಡಬ್ಬ ತೆಗೆದು, "ರೀ, ಇದು ಹಳಸಿದೆಯಾ ನೋಡಿ" ಎಂದರೆ ಬಹಳ ಶ್ರದ್ಧೆಯಿಂದ ಮೂಸಿ, "ಏನೂ ಇಲ್ಲ ಕಣೆ, ಚೆನ್ನಾಗಿದೆ" ಎನ್ನುತ್ತಿದ್ದರು. ಆ ಪ್ರಮಾಣಪತ್ರದ ಮೇಲೆ ಡಬ್ಬ ಮತ್ತೆ ಒಳಗೆ ಹೋಗುತ್ತಿತ್ತು. ಇನ್ನು ನಮ್ಮ ಅತ್ತೆ. ಅವರ ಮೂಗು ಮನೆಗೇ ಚುರುಕು. ಆದರೆ ಅವರು ಫ್ರಿಜ್ಜು ಬಂದ ದಿನದಿಂದಲೂ "ನಿಮ್ಮ ತಂಗಳುಪೆಟ್ಟಿಗೆ ನಾರ್ತದೆ" ಎಂದೇ ಹೇಳುತ್ತಿದ್ದುದರಿಂದ, ನಿಜವಾಗಿ ನಾರತೊಡಗಿದಾಗ ಅವರ ಮಾತಿಗೆ ಬೆಲೆ ಉಳಿದಿರಲಿಲ್ಲ.

ಕಡೆಗೆ ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗಳು ರಜೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದಳು; ತೆಗೆದಷ್ಟೇ ವೇಗದಲ್ಲಿ ಮುಚ್ಚಿದಳು.

"ಅಮ್ಮಾ, ಇದರ ಹಿಂದೆ ಇಲಿ ಏನಾದ್ರೂ ಸತ್ತಿದೆಯಾ ನೋಡಿದ್ದೀಯಾ?"

"ಇಲಿ ಅಲ್ಯಾಕೆ ಹೋಗಿ ಸಾಯುತ್ತೆ?"

"ಒಳಗೆ ಏನಿದೆ ಅಂತ ನೋಡೋಕೆ ಬಂದಿರ್ತದೆ" ಎಂದರು ಅತ್ತೆ, ಹೂಬತ್ತಿ ಹೊಸೆಯುತ್ತಾ.

ಫ್ರಿಜ್ಜು ಎಂದರೆ ಆಹಾರ ಕೆಡದಂತೆ ಕಾಪಾಡುವ ಯಂತ್ರ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ನಮ್ಮ ಮನೆಯಲ್ಲಿ ಅದು ವಾಯಿದೆ ಕೊಡುವ ಕೋರ್ಟು. ಮಧ್ಯಾಹ್ನ ಮಾಡಿದ ಬೆಂಡೆಕಾಯಿ ಗೊಜ್ಜು ಅರ್ಧ ಬಟ್ಟಲು ಉಳಿಯಿತು ಎನ್ನಿ. ಎಸೆಯಲು ಮನಸ್ಸಿಲ್ಲ, ತಿನ್ನಲು ಹೊಟ್ಟೆಯಲ್ಲಿ ಜಾಗವಿಲ್ಲ. ಸರಿ, ನಾಳೆಗೆ ವಾಯಿದೆ. ನಾಳೆ ಹೊಸ ಹುಳಿ, ಹೊಸ ಪಲ್ಯ. ಅವುಗಳದ್ದೂ ಅರ್ಧರ್ಧ ಬಟ್ಟಲು ಉಳಿದು ಬಂದು ಸಾಲಿನಲ್ಲಿ ನಿಲ್ಲುತ್ತವೆ. ಹಳೆಯ ಗೊಜ್ಜು ಹಿಂದಿನ ಸಾಲಿಗೆ ಸರಿಯುತ್ತದೆ. ಹಿಂದಿನ ಸಾಲಿಗೆ ಹೋದ ಕೇಸಿನ ಫೈಲು ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಚೆನ್ನಾಗಿರುವ ಅನ್ನವನ್ನು ಎಸೆದರೆ ಪಾಪ. ಹಳಸಿದ್ದನ್ನು ಎಸೆದರೆ ಶುಚಿತ್ವ. ಒಂದನ್ನು ಇನ್ನೊಂದಾಗಿ ಮಾಡಲು ಬೇಕಾದ ಕಾಲಾವಕಾಶವನ್ನು ಕರೆಂಟು ಖರ್ಚು ಮಾಡಿ ಒದಗಿಸುವುದೇ ನಮ್ಮ ಫ್ರಿಜ್ಜಿನ ಕೆಲಸ.

ಕೆಲವು ಕೇಸುಗಳಿಗೆ ತೀರ್ಪೇ ಇಲ್ಲ. ಪ್ರಸಾದ ಅಂಥದ್ದು. ನಮ್ಮ ಬೀದಿಯಲ್ಲಿ ಯಾರಾದರೂ ಸತ್ಯನಾರಾಯಣ ಪೂಜೆ ಮಾಡದ ಹುಣ್ಣಿಮೆ ಇಲ್ಲ. ಒಂದೊಂದು ಮನೆಯಿಂದಲೂ ಸಪಾದ ಬರುತ್ತದೆ. ಡಾಕ್ಟರು ಯಜಮಾನರಿಗೆ ಸಕ್ಕರೆ ಬೇಡ ಎಂದಿದ್ದಾರೆ, ನನಗೆ ತುಪ್ಪ ಬೇಡ ಎಂದಿದ್ದಾರೆ, ಅತ್ತೆಗೆ ಬೇರೆ ಮನೆಯಲ್ಲಿ ಬೇಯಿಸಿದ್ದು ಆಗುವುದಿಲ್ಲ. ತಿನ್ನುವವರಿಲ್ಲ, ಪ್ರಸಾದವನ್ನು ಕಸಕ್ಕೆ ಹಾಕುವ ಧೈರ್ಯವೂ ಇಲ್ಲ. ಗೊಜ್ಜಾದರೆ ಹಳಸಿದ ಮೇಲೆ ಎಸೆಯಬಹುದು. ಹಳಸಿದರೂ ಪ್ರಸಾದ ಪ್ರಸಾದವೇ. ಹೀಗಾಗಿ ಸತ್ಯನಾರಾಯಣ ಸ್ವಾಮಿ ನಮ್ಮ ಫ್ರಿಜ್ಜಿನ ಎರಡನೆಯ ಅಂತಸ್ತಿನಲ್ಲಿ ಹಲವು ಗಾತ್ರದ ಸ್ಟೀಲು ಡಬ್ಬಗಳಲ್ಲಿ ನೆಲೆಸಿದ್ದ.

ನಾನು ವಾಯಿದೆ ಕೊಟ್ಟರೆ ಬ್ಯಾಕ್ಟೀರಿಯಾಗಳು ಒಪ್ಪಬೇಕಲ್ಲ? ಫ್ರಿಜ್ಜಿನ 4 ಡಿಗ್ರಿ ಸೆಲ್ಸಿಯಸ್ ಚಳಿ ಅವುಗಳನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಸ್ಯೂಡೊಮೊನಾಸ್ ಎಂಬ ಜಾತಿಯವಕ್ಕಂತೂ ಆ ಚಳಿ ಒಂದು ಲೆಕ್ಕವೇ ಅಲ್ಲ. ಅವು ಪ್ಲಾಸ್ಟಿಕ್ ಕವರಿನೊಳಗೆ ಬೆವತು ಕೂತ ಕೊತ್ತಂಬರಿ ಸೊಪ್ಪಿನ ಕಟ್ಟಿನಿಂದ ಹಿಡಿದು ಜಿಡ್ಡು ಕಟ್ಟಿದ ತೆಂಗಿನಕಾಯಿ ಹೋಳಿನವರೆಗೆ ಎಲ್ಲ ಕಡೆ ಶಿಸ್ತಾಗಿ ದುಡಿಯುತ್ತಿರುತ್ತವೆ. ಇದನ್ನೆಲ್ಲ ನಾನು ಯಾರಿಗೆ ಬೇಕಾದರೂ ಚಿತ್ರ ಬರೆದು ವಿವರಿಸಬಲ್ಲೆ. ಕೊತ್ತಂಬರಿ ಕಟ್ಟನ್ನು ಕವರಿನಿಂದ ತೆಗೆದು, ಒಣಬಟ್ಟೆಯಲ್ಲಿ ಸುತ್ತಿಡುವುದು ಮಾತ್ರ ನನ್ನಿಂದ ಆಗದು.

ಅತ್ತೆ ತೀರ್ಥಹಳ್ಳಿ ಕಡೆಯವರು. ಗೋದ್ರೆಜ್‌ನವರು 1958ರಲ್ಲೇ ನಮ್ಮ ದೇಶದಲ್ಲಿ ಫ್ರಿಜ್ಜು ತಯಾರಿಸಿದರೂ ಅದು ಘಟ್ಟದ ಅಂಚಿನ ಆ ಅಡುಗೆಮನೆಗೆ ತಲುಪುವಷ್ಟರಲ್ಲಿ ಅತ್ತೆ ಅದಿಲ್ಲದೆ ಸಂಸಾರ ಮಾಡಿ ಮುಗಿಸಿದ್ದರು. ಹಾಲು ಮೊಸರು ನೆಲವಿನ ಮೇಲೆ, ಬೆಣ್ಣೆ ನೀರಿನಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ. ಉಳಿದ ಹುಳಿಯನ್ನು ರಾತ್ರಿ ಮತ್ತೊಮ್ಮೆ ಕುದಿಸುವುದು. ಅದಕ್ಕೂ ಮೀರಿ ಉಳಿದದ್ದು ಅಕ್ಕಚ್ಚಿನ ಬಾನಿಗೆ, ಅಲ್ಲಿಂದ ಕೊಟ್ಟಿಗೆಗೆ. ಗೌರಿ ಎಂಬ ಹಸು ಆ ಮನೆಯಲ್ಲಿ ಯಾವುದಕ್ಕೂ ವಾಯಿದೆ ಕೊಡದೆ ಅವತ್ತಿನದನ್ನು ಅವತ್ತೇ ಇತ್ಯರ್ಥ ಮಾಡುತ್ತಿತ್ತು. ನಾವು ಮೈಸೂರಿಗೆ ಬಂದು, ಕೊಟ್ಟಿಗೆ ಇರಬೇಕಾದ ಜಾಗದಲ್ಲಿ ಫ್ರಿಜ್ಜು ತಂದು ನಿಲ್ಲಿಸಿದೆವು. ಹಾಕಿದ್ದನ್ನೆಲ್ಲ ಅದೂ ಒಳಗೆ ಎಳೆದುಕೊಳ್ಳುತ್ತದೆ; ಆದರೆ ತಿನ್ನುವುದಿಲ್ಲ.

ಹಾಗೆಂದು ಅತ್ತೆಯನ್ನು ಈ ಪ್ರಕರಣದಿಂದ ಪೂರ್ತಿ ಖುಲಾಸೆ ಮಾಡುವಂತಿಲ್ಲ. ಊರಿನಿಂದ ಉಪ್ಪುಸೊಳೆಯ ಡಬ್ಬ ತಂದವರು ಅವರೇ. ಹಲಸಿನ ಕಾಯಿಯ ಸೊಳೆಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಮಳೆಗಾಲದಲ್ಲಿ ತೆಗೆದು ಪಲ್ಯವನ್ನೋ ರೊಟ್ಟಿಯನ್ನೋ ಮಾಡುವುದು ಮಲೆನಾಡಿನ, ಕರಾವಳಿಯ ಪದ್ಧತಿ. ರುಚಿಗೆ ಸಾಟಿಯಿಲ್ಲ. ವಾಸನೆಗೂ ಇಲ್ಲ. ಊರಿನಲ್ಲಿ ಅದಕ್ಕೆ ಕತ್ತಲೆಕೋಣೆಯ ಮೂಲೆ, ಬಾಯಿ ಬಿಗಿದ ಭರಣಿ ಇತ್ತು. ಮೈಸೂರಿನಲ್ಲಿ ಅದು ಮುಚ್ಚಳ ಸಡಿಲವಾದ ಪ್ಲಾಸ್ಟಿಕ್ ಡಬ್ಬದಲ್ಲಿ, ಮೊಸರಿನ ಪಕ್ಕದಲ್ಲಿ ಕೂತಿತು. ಜೊತೆಗೆ ನೆನೆಸಿಟ್ಟ ಕಳಲೆ. ಅದರ ನೀರನ್ನು ದಿನಾ ಬದಲಾಯಿಸಬೇಕು ಎಂಬುದು ನಿಯಮ. ಯಾರು ಬದಲಾಯಿಸಬೇಕು ಎಂಬುದು ತೀರ್ಮಾನವಾಗಿರಲಿಲ್ಲ.

ನಮ್ಮದು ಫ್ರಾಸ್ಟ್‌ಫ್ರೀ ಫ್ರಿಜ್ಜು. ಅದರೊಳಗೊಂದು ಫ್ಯಾನಿದೆ. ತಣ್ಣನೆಯ ಗಾಳಿಯನ್ನು ಫ್ರೀಜರಿನಿಂದ ಕೆಳಕ್ಕೆ, ಕೆಳಗಿನಿಂದ ಫ್ರೀಜರಿಗೆ ಅದು ಸುತ್ತಿಸುತ್ತಲೇ ಇರುತ್ತದೆ. ಅತ್ತೆ ಮುಸುರೆಯದನ್ನು ಕೆಳಗಿನ ಅಂತಸ್ತಿನಲ್ಲಿಡಿಸಿ, ಹಾಲು ಮೊಸರಿಗೆಂದು ಮೇಲಿನದನ್ನು ಮಡಿಯಾಗಿ ಕಾಯ್ದಿರಿಸಿದ್ದರು. ಫ್ಯಾನಿಗೆ ಮಡಿಯೂ ಇಲ್ಲ, ಮುಸುರೆಯೂ ಇಲ್ಲ. ಉಪ್ಪುಸೊಳೆಯ ಪರಿಮಳವನ್ನು ಅದು ಐಸ್ ಟ್ರೇಯವರೆಗೂ ನಿಷ್ಠೆಯಿಂದ ಮುಟ್ಟಿಸಿತು. ವಾಸನೆಯ ಕಣಗಳಲ್ಲಿ ಬಹಳಷ್ಟಕ್ಕೆ ಕೊಬ್ಬಿನಲ್ಲಿ ಕರಗುವ ಗುಣ. ಆದ್ದರಿಂದ ಬಾಯಿ ತೆರೆದಿಟ್ಟ ಬೆಣ್ಣೆ, ಹಾಲಿನ ಕೆನೆ ಎಲ್ಲಕ್ಕಿಂತ ಮೊದಲು ಅವುಗಳನ್ನು ಹೀರಿಕೊಳ್ಳುತ್ತವೆ. ಬೆಳಗಿನ ಕಾಫಿಯಲ್ಲಿ ಹಲಸು, ರಾತ್ರಿಯ ಮಜ್ಜಿಗೆಯಲ್ಲಿ ಬೆಳ್ಳುಳ್ಳಿ. ಸುವಾಸನೆಯಾದರೂ ಕಾಪಾಡೀತು ಎಂದು ಮೈಸೂರು ಮಲ್ಲಿಗೆಯ ದಂಡೆಯನ್ನು ಫ್ರಿಜ್ಜಿನಲ್ಲಿಟ್ಟೆ. ಮಲ್ಲಿಗೆಯ ಗಂಧದಲ್ಲಿ ಇಂಡೋಲ್ ಎಂಬ ವಸ್ತುವಿದೆ: ತೆಳುವಾಗಿದ್ದರೆ ಹೂವಿನ ಘಮ, ದಟ್ಟವಾದರೆ ಹೇಲಿನ ನಾತ. ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಯಾವ ಕಡೆ ವಾಲಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಗಳ ದೂರು ದಾಖಲಾದ ಮೇಲೆ ಮನೆಯಲ್ಲಿ ಚಿಕಿತ್ಸೆಯ ಪರ್ವ ಆರಂಭವಾಯಿತು. ಮೊದಲ ಮದ್ದು ಅಡುಗೆ ಸೋಡಾ. ಅದರ ಹಿಂದೆ ಇತಿಹಾಸವಿದೆ. ಅಮೆರಿಕದಲ್ಲಿ ಆರ್ಮ್ ಅಂಡ್ ಹ್ಯಾಮರ್ ಎಂಬ ಸೋಡಾ ಕಂಪನಿ 1972ರಲ್ಲಿ, ಡಬ್ಬಿಯ ಬಾಯಿ ತೆರೆದು ಫ್ರಿಜ್ಜಿನಲ್ಲಿಡಿ, ವಾಸನೆ ಹೋಗುತ್ತದೆ ಎಂದು ಜಾಹೀರಾತು ಕೊಟ್ಟಿತು. ಕೆಲಸ ಮುಗಿದ ಸೋಡಾವನ್ನು ಸಿಂಕಿಗೆ ಸುರಿಯಿರಿ, ಅಲ್ಲಿಯ ವಾಸನೆಯೂ ಹೋಗುತ್ತದೆ ಎಂದೂ ಹೇಳಿತು. ತಿನ್ನದೆ, ತೊಳೆಯದೆ, ಸುಮ್ಮನೆ ಇಟ್ಟು ಚೆಲ್ಲುವುದಕ್ಕಾಗಿ ಜನ ಸೋಡಾ ಕೊಳ್ಳುವಂತೆ ಮಾಡಿದ ಆ ಬುದ್ಧಿವಂತನಿಗೆ ನಮಸ್ಕಾರ. ಸೋಡಾ ಹುಳಿ ವಾಸನೆಯನ್ನು, ಅಂದರೆ ಆಮ್ಲಗಳನ್ನು, ತಟಸ್ಥ ಮಾಡುವುದು ನಿಜ. ಆದರೆ ವಾಸನೆಯ ಕಣ ತಾನಾಗಿ ಬಂದು ಅದನ್ನು ಮುಟ್ಟಬೇಕು. ಅದಕ್ಕೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿಡಬೇಕು. ಬೆಳ್ಳುಳ್ಳಿ, ಈರುಳ್ಳಿ, ಇಂಗಿನ ಗಂಧಕದ ವಾಸನೆಗಳಂತೂ ಸೋಡಾಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಇಷ್ಟನ್ನೂ ಊಟದ ಮೇಜಿನಲ್ಲಿ ಉಪನ್ಯಾಸ ಮಾಡಿದ ನಾನು, ಮದುವೆಗೆ ಉಡುಗೊರೆಯಾಗಿ ಬಂದಿದ್ದ ಆಳವಾದ ಬೆಳ್ಳಿ ಬಟ್ಟಲಿನಲ್ಲಿ ಸೋಡಾ ತುಂಬಿಸಿಟ್ಟೆ, ನೋಡುವುದಕ್ಕೆ ಚೆನ್ನಾಗಿತ್ತು.

ಭಾನುವಾರ ಯಜಮಾನರಿಗೆ ಮೈಸೂರು ಬೋಂಡ ಮಾಡುವ ಉತ್ಸಾಹ ಬಂತು. ಫ್ರಿಜ್ಜು ತೆಗೆದರು, ಬಟ್ಟಲಿನಲ್ಲಿ ಸೋಡಾ ಸಿದ್ಧವಾಗಿತ್ತು. "ಸೋಡಾ ಹುಡುಕೋ ಕೆಲಸ ಉಳಿಸಿದ್ಯಲ್ಲೇ, ನೀನು ಬಹಳ ಮುಂದಾಲೋಚನೆಯವಳು" ಎಂದು ಹೊಗಳಿ ಹಿಟ್ಟಿಗೆ ಹಾಕಿದರು. ವಾರವೆಲ್ಲಾ ಉಪ್ಪುಸೊಳೆ, ಕಳಲೆ, ಸತ್ಯನಾರಾಯಣ ಎಲ್ಲರ ಸಹವಾಸ ಮಾಡಿದ್ದ ಸೋಡಾ. ಬೋಂಡ ಚೆಂಡಿನ ಗಾತ್ರಕ್ಕೆ ಉಬ್ಬಿತು. ಯಜಮಾನರು ಮೂಗಿನ ಅಡ್ಡಿಯಿಲ್ಲದೆ ತಿಂದು, "ಫಸ್ಟ್ ಕ್ಲಾಸ್" ಎಂದರು. ಮಗಳು ಅರ್ಧ ಕಚ್ಚಿ, "ಅಪ್ಪಾ, ಇದರೊಳಗೆ ಹಲಸಿನ ಹಣ್ಣು ಹಾಕಿದ್ದೀಯಾ?" ಎಂದು ಕೇಳಿದಳು. ಉಳಿದ ಬೋಂಡಗಳನ್ನು ನಾನು ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಎರಡನೆಯದು ಕಾಫಿ. ಒಣ ಕಾಫಿಪುಡಿ ವಾಸನೆಯನ್ನು ಒಂದಿಷ್ಟು ಹೀರುತ್ತದೆ, ಉಳಿದದ್ದನ್ನು ತನ್ನ ಘಮದಲ್ಲಿ ಮುಚ್ಚುತ್ತದೆ. ಆದರೆ ಈಗಿನ ಕಾಫಿಪುಡಿಯ ಬೆಲೆಗೆ ಅದನ್ನು ವಾಸನೆಗೆ ಬಡಿಸಲು ನನ್ನ ಕೈ ಬರಲಿಲ್ಲ. ಫಿಲ್ಟರಿನಲ್ಲಿ ಉಳಿದ ಚರಟವನ್ನೇ ತೆಗೆದಿಟ್ಟೆ, ಒದ್ದೆಯಾಗಿಯೇ. ಚರಟಕ್ಕೆ ಬೂಷ್ಟು ಹಿಡಿಯಿತು. ವಾಸನೆ ಹೊಡೆಯಲು ಹೋದದ್ದು ವಾಸನೆಯ ಪಕ್ಷಕ್ಕೆ ಸೇರಿಕೊಂಡಿತು.

ಮೂರನೆಯದು ಇದ್ದಿಲು. ಇದರ ಬಗ್ಗೆ ನನಗೆ ವೃತ್ತಿಪರವಾದ ಗೌರವವಿದೆ. ವಿಶೇಷವಾಗಿ ಹದಗೊಳಿಸಿದ ಇದ್ದಿಲು, ಅಂಗಡಿಯಲ್ಲಿ ಆಕ್ಟಿವೇಟೆಡ್ ಚಾರ್ಕೋಲ್ ಎಂದು ಸಿಗುವುದು, ಕಣ್ಣಿಗೆ ಕಾಣದ ರಂಧ್ರಗಳ ಗಣಿ. ಅದರ ಒಂದು ಗ್ರಾಮಿನ ಒಳಮೈ ಎಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚು. ವಾಸನೆಯ ಕಣಗಳು ಆ ಮೈಗೆ ಹೋಗಿ ಅಂಟಿಕೊಳ್ಳುತ್ತವೆ. ಯಜಮಾನರು ಪೆನ್ನು ತೆಗೆದು ಲೆಕ್ಕ ಹಾಕಿದರು. "ಒಂದು ಥರ್ಟಿ ಫಾರ್ಟಿ ಸೈಟು ಅಂದ್ರೆ ಸುಮಾರು 111 ಚದರ ಮೀಟರು. ಅಂದ್ರೆ ಒಂದು ಗ್ರಾಮಲ್ಲಿ ನಾಲ್ಕು ಸೈಟು! ನಾನು ಸರ್ವೀಸೆಲ್ಲಾ ಮಾಡಿ ಒಂದು ತಗೊಳ್ಳೋಕೆ ಸುಸ್ತಾಗಿ ಹೋದೆ." ಆ ದುಃಖದಲ್ಲಿ ಅವರು ಅಂಗಡಿಗೆ ಹೋಗದೆ ಬೀದಿ ಮೂಲೆಯ ಇಸ್ತ್ರಿಯವನ ಹತ್ತಿರ ಮಾಮೂಲಿ ಇದ್ದಿಲು ಕೇಳಿ ತಂದರು. ಮಾಮೂಲಿ ಇದ್ದಿಲಿಗೆ ಅಷ್ಟು ಸೈಟು ಇರುವುದಿಲ್ಲ. ಅದು ಪುಡಿಪುಡಿಯಾಗಿ ಪನೀರಿನ ಮೇಲೆ ಉದುರಿತು. ಹೊರಗೆ ಸುಟ್ಟ ಪನೀರಿಗೆ ಹೋಟೆಲಿನವರು ಹೆಚ್ಚು ಹಣ ತೆಗೆದುಕೊಳ್ಳುತ್ತಾರೆ ಎಂದು ಹೇಳಿ ಮಗಳಿಗೆ ಅದನ್ನೇ ಬಡಿಸಿದೆ.

ಎದುರು ಮನೆಯ ಉಡುಪಿ ಕಡೆಯವರು ನಿಂಬೆಹಣ್ಣಿನ ಸಲಹೆ ಕೊಟ್ಟರು. "ಟೀಚರೇ, ನಮ್ಮಲ್ಲಿ ಮೀನು ಇಟ್ಟ ಪಾತ್ರೆಗೆ ಲಿಂಬೆಯೋ ಹುಣಸೆಯೋ ಹಾಕಿ ತಿಕ್ಕುವುದು." ಇದರಲ್ಲಿ ಶಾಸ್ತ್ರವಿದೆ: ಮೀನಿನ ವಾಸನೆಗೆ ಕಾರಣ ಅಮೀನ್ ಎಂಬ ಪ್ರತ್ಯಾಮ್ಲಗಳು, ಹುಳಿ ತಗುಲಿದರೆ ಅವು ಲವಣವಾಗಿ ಕೂತುಬಿಡುತ್ತವೆ, ಗಾಳಿಗೆ ಏಳುವುದಿಲ್ಲ. ನಮ್ಮದು ಮೀನಲ್ಲದಿದ್ದರೂ ನೋಡೋಣ ಎಂದು ಅವರನ್ನೇ ಕರೆದು ಫ್ರಿಜ್ಜು ತೋರಿಸಿದೆ. ಅವರು ಸೆರಗನ್ನು ಮೂಗಿಗೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮದರಲ್ಲಿ ಒಣಮೀನು ಉಂಟು, ಸಿಗಡಿ ಚಟ್ನಿ ಉಂಟು. ಎಲ್ಲ ಗಾಜಿನ ಬಾಟ್ಲಿಯಲ್ಲಿ. ಆದ್ರೂ ಈ ನಮೂನೆ ಇಲ್ಲ ಮಾರಾಯ್ರೆ." ಮೀನು ತಿನ್ನುವವರ ಫ್ರಿಜ್ಜಿನ ಮುಂದೆ ನಮ್ಮ ಶುದ್ಧ ಸಸ್ಯಾಹಾರದ ಫ್ರಿಜ್ಜು ಸೋತ ಸುದ್ದಿಯನ್ನು ಅತ್ತೆಯ ಕಿವಿಗೆ ಹಾಕಲಿಲ್ಲ.

ಅವರು ಹೇಳಿದ ಗಾಜಿನ ಬಾಟಲಿಯೇ ನಿಜವಾದ ಪಾಠ. ಜಿಡ್ಡಿನಲ್ಲಿ ಕರಗುವ ವಾಸನೆ ಪ್ಲಾಸ್ಟಿಕ್ಕಿನೊಳಕ್ಕೂ ಇಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಗಾಜು, ಸ್ಟೀಲಿಗೆ ಆ ತೊಂದರೆಯಿಲ್ಲ. ಆದರೆ ಆ ಪಾಠಕ್ಕೆ ಕಾಸು ಖರ್ಚಾಗುತ್ತದೆ. ಐಸ್‌ಕ್ರೀಮ್ ಡಬ್ಬಗಳು ಪುಕ್ಕಟೆ. ನಾನು ನಿಂಬೆಹಣ್ಣನ್ನೇ ಆರಿಸಿಕೊಂಡೆ. ಎರಡು ಹೋಳು ಮಾಡಿ ಮೂಲೆಮೂಲೆಗಿಟ್ಟೆ. ನೋಡಿದ ಅತ್ತೆ, "ಯಾರಿಗೆ ಮಾಟ ಮಾಡ್ಸಿದ್ದು?" ಎಂದರು.

ಆಮೇಲೆ ಮುದುರಿದ ಪೇಪರು ಇಟ್ಟೆವು, ಅದು ತೇವ ಹೀರುತ್ತದಂತೆ. ಯಜಮಾನರು ಬಾಗಿಲು ತೆರೆದುಕೊಂಡು ನಿಂತು ಸಂಪಾದಕೀಯ ಓದತೊಡಗಿದರು. ಊದುಬತ್ತಿಯ ಪ್ಯಾಕೆಟ್ಟು ಇಟ್ಟೆವು. ಉಪ್ಪಿಟ್ಟು ತಿನ್ನುವಾಗ ದೇವಸ್ಥಾನದಲ್ಲಿ ಕೂತ ಹಾಗಾಯಿತು. ಕಡೆಕಡೆಗೆ ಮದ್ದುಗಳಿಗೇ ಒಂದು ಅಂತಸ್ತು ಬೇಕಾಯಿತು. ತರಕಾರಿಗೆ ಜಾಗ ಸಾಲದೆ ಸೌತೆಕಾಯಿ ಹೊರಗೆ ಕೂತು ಕೊಳೆಯಿತು. ಇದರ ನಡುವೆ ನನಗೆ ಒಂದು ವಿಚಾರ ಸಮಾಧಾನ ಕೊಟ್ಟಿತು: ಸಾಕ್ಷಾತ್ ಐನ್‌ಸ್ಟೈನರೇ ಫ್ರಿಜ್ಜಿನ ವಿಷಯದಲ್ಲಿ ತಲೆ ಕೆಡಿಸಿಕೊಂಡಿದ್ದರು. ಆ ಕಾಲದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡಿನಂಥ ವಿಷಗಾಳಿ ತುಂಬಿರುತ್ತಿತ್ತು. ಅದು ಸೋರಿ ಜನ ಸಾಯುತ್ತಿದ್ದರು. ಸೋರದ ಫ್ರಿಜ್ಜೊಂದನ್ನು ಅವರು ಲಿಯೋ ಸಿಲಾರ್ಡ್ ಜೊತೆ ಸೇರಿ ರೂಪಿಸಿ, 1930ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಯಂತ್ರದಿಂದ ಸೋರುವ ವಿಷಗಾಳಿಗೆ ಅವರ ಹತ್ತಿರ ಉತ್ತರವಿತ್ತು. ಗೊಜ್ಜಿನಿಂದ ಏಳುವುದಕ್ಕೆ ಇರಲಿಲ್ಲ.

ಸೋತು ಸುಣ್ಣವಾದ ಮೇಲೆ ಮಗಳು ಆದೇಶ ಹೊರಡಿಸಿದಳು: ಪ್ಲಗ್ ತೆಗೆಯಿರಿ, ಎಲ್ಲವನ್ನೂ ಹೊರಗಿಡಿ. ಅಡುಗೆಮನೆಯ ನೆಲದ ಮೇಲೆ ಹಳೆಯ ಸೀರೆ ಹಾಸಿ ವಿಚಾರಣೆ ಶುರುವಾಯಿತು. ಒಂದೊಂದು ಡಬ್ಬಕ್ಕೂ ಒಬ್ಬೊಬ್ಬ ವಕೀಲರು. ಅತ್ತೆ ಉಪ್ಪುಸೊಳೆಯ ಪರ. ಯಜಮಾನರು ತಾವು ಹಿಂದೆಂದೋ ಮಾಡಿದ್ದ ಬೆಳ್ಳುಳ್ಳಿ ಚಟ್ನಿಯ ಪರ. ನಾನು, ಹೇಳಲೇಬೇಕಾಗಿಲ್ಲ, ಪ್ರತಿಯೊಂದು ಅರ್ಧ ಬಟ್ಟಲಿನ ಪರ. "ಇದು ಏನು?" ಎಂದು ಮಗಳು ಕೇಳಿದ ಡಬ್ಬಗಳಲ್ಲಿ ಕೆಲವನ್ನು ನಮ್ಮ ಮೂವರಿಂದಲೂ ಗುರುತಿಸಲಾಗಲಿಲ್ಲ, ಆದರೂ ಎಸೆಯಬಾರದು ಎಂದು ಮೂವರೂ ವಾದಿಸಿದೆವು. ಪ್ರಸಾದದ ವಿಷಯ ಬಂದಾಗ ಅತ್ತೆಯೇ ತೀರ್ಪು ಕೊಟ್ಟರು: "ತುಳಸಿಕಟ್ಟೆ ಹಿಂದೆ ಗುಂಡಿ ತೆಗೆದು ಮುಚ್ಚಿ. ಮಣ್ಣಿಗೆ ಹಾಕಿದ್ರೆ ದೋಷ ಇಲ್ಲೆ. ಕಪಾಟಲ್ಲಿಟ್ಟು ಹುಳ ಬರಿಸಿದ್ರೆ ದೋಷ ಅಲ್ದ?" ಇಷ್ಟು ಸುಲಭದ ಪರಿಹಾರವನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನನ್ನ ಯಾರು ಕೇಳಿದ್ರು?" ಎಂದರು.

ತಟ್ಟೆಗಳನ್ನು, ತರಕಾರಿ ಪೆಟ್ಟಿಗೆಯನ್ನು ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ತಾರಸಿಯ ಬಿಸಿಲಿಗಿಟ್ಟೆವು. ಸೋಡಾ ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಬಟ್ಟಲಿನಲ್ಲಿ ಕೂರಿಸಿದ್ದೇ ಅದಕ್ಕೆ ಅವಮಾನವಾಗಿತ್ತೇನೋ. ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆ ಬಿಡಿಸಿದರೆ ಒಳಗೆಲ್ಲ ಕಪ್ಪು ಬೂಷ್ಟು. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆವು. ಬಾಗಿಲು ತೆರೆದೇ ಬಿಟ್ಟು ರಾತ್ರಿ ಕಳೆದೆವು. ಬೆಳಗ್ಗೆ ಪ್ಲಗ್ ಹಾಕಿದೆವು. ಖಾಲಿ, ಹೊಳೆಯುವ, ಹೊಸದರಂತಿದ್ದ ಫ್ರಿಜ್ಜು.

ಮಧ್ಯಾಹ್ನದ ಹೊತ್ತಿಗೆ ಅದೇ ವಾಸನೆ.

ಮಗಳು ತಲೆಯ ಮೇಲೆ ಕೈಹೊತ್ತು ಕೂತಳು. ಫ್ರಿಜ್ಜನ್ನೇ ಎಕ್ಸ್‌ಚೇಂಜಿಗೆ ಹಾಕುವ ಮಾತು ಬಂತು. ಇಂಥ ಫ್ರಿಜ್ಜನ್ನು ತಗೊಳ್ಳೋರು ಯಾರು ಎಂಬ ಪ್ರಶ್ನೆಯೂ ಬಂತು. ಆಗ ಒಂದು ಸ್ಟೀಲು ಡಬ್ಬದ ಮುಚ್ಚಳ ನನ್ನ ಕೈಜಾರಿ ಉರುಳುತ್ತಾ ಫ್ರಿಜ್ಜಿನ ಹಿಂದೆ ಹೋಯಿತು. ಯಜಮಾನರು ಫ್ರಿಜ್ಜನ್ನು ಮುಂದಕ್ಕೆಳೆದು, ಟಾರ್ಚು ಹಿಡಿದು, ನೆಲಕ್ಕೆ ಕೆನ್ನೆ ತಾಗಿಸಿ ಬಗ್ಗಿದರು. ಅಲ್ಲಿಂದಲೇ, "ಲೇ, ಇಲ್ಲೊಂದು ತಟ್ಟೆ ಇದೆ. ಮೊಸರು ಹೆಪ್ಪು ಹಾಕಿಟ್ಟಿದ್ದೀಯಾ?" ಎಂದು ಕೂಗಿದರು.

ಹೆಪ್ಪು ನಾನು ಹಾಕಿದ್ದಲ್ಲ, ತಾನಾಗಿ ಬಿದ್ದದ್ದು. ಫ್ರಾಸ್ಟ್‌ಫ್ರೀ ಫ್ರಿಜ್ಜಿನೊಳಗೆ ಕಟ್ಟುವ ಮಂಜನ್ನು ಒಂದು ಹೀಟರು ಆಗಾಗ ಕರಗಿಸುತ್ತದೆ. ಆ ನೀರು ಹಿಂದಿನ ಗೋಡೆಯ ತೂತಿನಿಂದ ಕೊಳವೆಗೆ ಇಳಿದು, ಹಿಂಬದಿಯಲ್ಲಿ ಕಂಪ್ರೆಸರಿನ ಮೇಲೆ ಕೂರಿಸಿದ ತಟ್ಟೆಯಲ್ಲಿ ಸೇರುತ್ತದೆ. ಕಂಪ್ರೆಸರಿನ ಬಿಸಿಗೆ ಅಲ್ಲೇ ಆವಿಯಾಗಿ ಹೋಗುತ್ತದೆ. ವ್ಯವಸ್ಥೆ ಸೊಗಸಾಗಿದೆ, ತಟ್ಟೆಗೆ ನೀರು ಮಾತ್ರ ಬರುವವರೆಗೆ. ಎಂದೋ ಒಂದು ಹಾಲಿನ ಪ್ಯಾಕೆಟ್ಟು ಒಳಗೆ ಸೋರಿತ್ತು. ನಾನು ಕಣ್ಣಿಗೆ ಕಂಡಷ್ಟನ್ನು ಒರೆಸಿದ್ದೆ; ಕಾಣದಷ್ಟು ತೂತಿನೊಳಗೆ ಇಳಿದು ತಟ್ಟೆ ಸೇರಿ, ಕಂಪ್ರೆಸರಿನ ಬಿಸುಪಿನಲ್ಲಿ ಸಂಸಾರ ಹೂಡಿತ್ತು. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಪದಾರ್ಥ ತಳದಲ್ಲೇ ಉಳಿಯುತ್ತದೆ ಎಂಬುದನ್ನು ಸಮುದ್ರದ ಉಪ್ಪಿನ ಪಾಠದಲ್ಲಿ ಎಷ್ಟು ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಪ್ರಯೋಗವನ್ನು ಮನೆಯಲ್ಲೇ ಕೈಗೊಂಡಿದ್ದೇನೆಂಬುದು ನನಗೆ ತಿಳಿದಿರಲಿಲ್ಲ.

ಮನೆಯಲ್ಲಿ ಚುರುಕು ಮೂಗಿನವರೂ ಇದ್ದರು, ಶಾಸ್ತ್ರ ಓದಿದ ಮೂಗಿನವರೂ ಇದ್ದರು. ಪತ್ತೆ ಮಾಡಿದ್ದು ವಾಸನೆಯೇ ತಿಳಿಯದ ಮನುಷ್ಯ, ಬಗ್ಗಿ ನೋಡಿ. ಅವತ್ತಿನಿಂದ ಅವರು ಅಡುಗೆಮನೆಯಲ್ಲಿ ಪತ್ತೇದಾರನ ಗತ್ತಿನಲ್ಲಿ ಓಡಾಡುತ್ತಾರೆ, ಟಾರ್ಚನ್ನು ಜೇಬಿನಿಂದ ಕೆಳಗಿಟ್ಟಿಲ್ಲ. ಪ್ಲಗ್ ತೆಗೆದು, ತಟ್ಟೆ ಬಿಚ್ಚಿ, ಸೋಪುನೀರಿನಲ್ಲಿ ತೊಳೆದು, ತೂತಿಗೆ ಬೆಚ್ಚಗಿನ ನೀರು ಬಿಟ್ಟು ಕೊಳವೆಯನ್ನೂ ತೊಳೆದ ಮೇಲೆ ವಾಸನೆ ಹೋಯಿತು. ಉಪ್ಪುಸೊಳೆ ಈಗ ಗಾಜಿನ ಭರಣಿಯಲ್ಲಿದೆ. ಅತ್ತೆ ಫ್ರಿಜ್ಜಿನ ಬಾಗಿಲು ತೆಗೆದು ಮೂಸಿ, ದೂರಲು ಏನೂ ಸಿಗದೆ, "ಬಾಗಿಲು ಬಿಗಿ ಜಾಸ್ತಿ" ಎಂದು ಹೇಳಿ ಹೋದರು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಫ್ರಿಜ್ಜು ನಾರುತ್ತಿದ್ದರೆ ಅಂಗಡಿಗೆ ಓಡಬೇಡಿ. ಒಳಗೆ ಏನಿಡಬೇಕು ಎಂದು ಯಾರನ್ನೂ ಕೇಳಬೇಡಿ. ಕೇಳಿದರೆ ಹೇಳುತ್ತಾರೆ, ಹೇಳಿದರೆ ಇಡುತ್ತೀರಿ. ಪ್ಲಗ್ ಕಿತ್ತು, ಇರುವುದನ್ನು ಹೊರಗೆ ತೆಗೆಯಿರಿ. ಬಾಗಿಲಿನ ರಬ್ಬರು, ಹಿಂಗೋಡೆಯ ತೂತು, ಬೆನ್ನಿನ ತಟ್ಟೆ ಈ ಮೂರನ್ನೂ ಕಣ್ಣಿಂದ ನೋಡಿ, ಕೈಯಿಂದ ತೊಳೆಯಿರಿ. ಅರ್ಧ ಬಟ್ಟಲು ಗೊಜ್ಜು ಉಳಿದರೆ ರಾತ್ರಿಯೇ ಮುಗಿಸಿ. ಆಗದಿದ್ದರೆ ನಾಳೆ ಮಾಡುವಾಗಲೇ ಅರ್ಧ ಬಟ್ಟಲು ಕಡಿಮೆ ಮಾಡಿ. ಇಷ್ಟಾದರೆ ಸೋಡಾ ಬೋಂಡಕ್ಕೂ, ಕಾಫಿಪುಡಿ ಕಾಫಿಗೂ ಉಳಿಯುತ್ತದೆ.